ಹತ್ತು ಎಂದು ಓದಿದವನು

ಶರಣರೇ, ತಾಯಂದಿರೇ, ಈ ಊರಿನ ತರುಣರೇ,

ಕೆಳಗೆ ಗರಡಿಮನೆ, ಮೇಲೆ ವಾಚನಾಲಯ. ಒಂದೇ ಕಟ್ಟಡ, ಒಂದೇ ಬಾಗಿಲು. ಚೆನ್ನಾಗಿ ಕಟ್ಟಿದ್ದೀರಿ. ನನ್ನನ್ನು ಕರೆಯಲು ಮಠಕ್ಕೆ ಬಂದಿದ್ದ ನಿಮ್ಮ ಸಮಿತಿಯವರು, "ಅಜ್ಜಾರ, ಓದು ಮತ್ತ ಕಸುವು ಎರಡೂ ಕೂಡಿದ್ರ ಮನಷ್ಯಾ ಪೂರ್ಣ ಆಗ್ತಾನ ಅಂತ ನಾಕು ಮಾತು ಹೇಳ್ರಿ" ಎಂದು ಕೇಳಿಕೊಂಡರು. ಹೇಳುತ್ತೇನೆ. ಆದರೆ ನೀವು ಬಯಸಿದ ಮಾತು ಅದಾಗಲಿಕ್ಕಿಲ್ಲ. ಇವತ್ತಿನ ಕಥೆ ಸುಖದ ಕಥೆಯಲ್ಲ. ಪ್ರಸಾದಕ್ಕೆ ಮೊದಲು ಇಂಥದ್ದನ್ನು ಹೇಳಬಾರದು ಅನ್ನುತ್ತಾರೆ. ಹೊಟ್ಟೆ ತುಂಬಿದ ಮೇಲೆ ಹೇಳಿದರೆ ನೀವು ಮಲಗಿಬಿಡುತ್ತೀರಿ. ಅದಕ್ಕೇ ಈಗಲೇ ಹೇಳುತ್ತೇನೆ.

ವಿಯೆಟ್ನಾಂ ಎಂಬ ದೇಶದ ಹೆಸರು ಕೇಳಿದ್ದೀರಿ. ಅಲ್ಲಿಯ ಹಿರಿಯರಲ್ಲಿ ಒಂದು ಮಾತಿದೆ: 'ವಾನ್ ವೋ ಸೊಂಗ್ ತ್ವಾನ್'. ವಾನ್ ಎಂದರೆ ಅಕ್ಷರ, ಕಾವ್ಯ, ಶಾಸ್ತ್ರ. ವೋ ಎಂದರೆ ಕೋಲು, ಕತ್ತಿ, ಕುಸ್ತಿ. ಎರಡರಲ್ಲೂ ಪೂರ್ಣನಾದವನು ಎಂದು ಅದರ ಅರ್ಥ. ಮನುಷ್ಯ ಹಾಗಿರಬೇಕು ಎಂಬುದು ಅವರ ಆಸೆ. ಒಳ್ಳೆಯ ಆಸೆ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಆ ಆಸೆಯನ್ನು ಪೂರ್ತಿಯಾಗಿ ತೀರಿಸಿದ ಒಬ್ಬನ ಕಥೆಯನ್ನು ಈಗ ಹೇಳುತ್ತೇನೆ. ನಡೆದದ್ದೇ ಎಂದು ಆಣೆ ಇಡಲಾರೆ, ದೃಷ್ಟಾಂತವೆಂದೇ ಕೇಳಿ. ಅವರ ಭಾಷೆ ನನಗೆ ಬಾರದು. ಅವರ ಬಾಯಲ್ಲಿ ನಮ್ಮ ಮಾತನ್ನೇ ಆಡಿಸುತ್ತೇನೆ.

ಆ ದೇಶದ ನಡುಭಾಗದಲ್ಲಿ, ಹೊಳೆಯೊಂದು ತಿರುಗುವ ಜಾಗದಲ್ಲಿ ನಲವತ್ತು ಮನೆಗಳ ಒಂದು ಊರು. ಆ ಊರಿನಲ್ಲಿ ಫುಂಗ್ ಎಂಬ ಸಿರಿವಂತ. ಹೊಳೆಯ ಎರಡೂ ದಂಡೆಯಲ್ಲಿ ಅವನ ಗದ್ದೆ. ರೇಷ್ಮೆಹುಳು ಸಾಕುವ ಚಪ್ಪರಗಳೇ ಆರಿದ್ದವು. ಎಲ್ಲ ಇತ್ತು. ಒಂದು ಕೊರಗು ಮಾತ್ರ ಇತ್ತು. ಅರಮನೆಯವರ ಮುಂದೆ ಅವನ ವಂಶದಲ್ಲಿ ಯಾರೂ ತಲೆಯೆತ್ತಿ ನಿಂತವರಿಲ್ಲ. ಅಧಿಕಾರಿ ಬಂದರೆ ಫುಂಗ್ ನೆಲಕ್ಕೆ ಹಣೆ ಹಚ್ಚಬೇಕು. ತನ್ನ ಒಬ್ಬನೇ ಮಗ ತ್ರಾಕ್ ಹಾಗಾಗಬಾರದು ಎಂದು ಅವನ ಹಟ.

ಮಗನಿಗೆ ಏಳು ತುಂಬಿದ ದಿನ ಫುಂಗ್ ಇಬ್ಬರು ಗುರುಗಳನ್ನು ಗೊತ್ತು ಮಾಡಿದ. ಅಕ್ಷರಕ್ಕೆ ಪಟ್ಟಣದಿಂದ ಒಬ್ಬ ಪಂಡಿತ. ಕೋಲಿಗೆ ಅದೇ ಊರಿನ ತಾಮ್ ಅಜ್ಜ. ತಾಮ್ ಎಂದರೆ ಅವರಲ್ಲಿ ಎಂಟು. ಎಂಟನೆಯ ಮಗುವಾಗಿ ಹುಟ್ಟಿದ್ದಕ್ಕೆ ಅದೇ ಹೆಸರಾಗಿ ಉಳಿದಿತ್ತು. ಈ ತಾಮ್ ಅಜ್ಜನಿಗೆ ಒಂದಕ್ಷರ ಬಾರದು. ಹೆಂಡತಿ ಮಕ್ಕಳು ಇಲ್ಲ. ಮೀನು ಹಿಡಿದು ಬದುಕುತ್ತಿದ್ದ. ಆದರೆ ಕೋಲು ಕೈಗೆ ಬಂತೆಂದರೆ ಎದುರು ನಿಂತವನಿಗೆ ಕೋಲು ಕಾಣುತ್ತಿರಲಿಲ್ಲ, ಗಾಳಿಯ ಸಪ್ಪಳ ಮಾತ್ರ ಕೇಳುತ್ತಿತ್ತು.

ಹದಿನೇಳು ವರ್ಷ. ಬೆಳಿಗ್ಗೆ ಕುಂಚ, ಸಂಜೆ ಕೋಲು. ಮಳೆಯಿರಲಿ, ಜ್ವರವಿರಲಿ, ಬೆಳಿಗ್ಗೆ ಕುಂಚ, ಸಂಜೆ ಕೋಲು. ತಾಮ್ ಅಜ್ಜ ಕೋಲು ಕಲಿಸುವಾಗಲೆಲ್ಲ ಶಿಷ್ಯನಿಂದ ಅವತ್ತು ಕಲಿತ ಒಂದು ಅಕ್ಷರವನ್ನು ಹೇಳಿಸಿಕೊಳ್ಳುತ್ತಿದ್ದ. "ನನಗ ತಿಳಿಯಂಗಿಲ್ಲ ಬಿಡು. ಆದ್ರ ನೀ ಓದೂದು ಕೇಳಿದ್ರ ನಾನ ಓದಿದಂಗ ಆಕ್ಕೈತಿ" ಎನ್ನುತ್ತಿದ್ದ. ತ್ರಾಕ್‌ಗೆ ಇಪ್ಪತ್ತೆರಡಾದಾಗ ಪಂಡಿತ ತೀರಿಕೊಂಡ. ಸಾಯುವ ಮುನ್ನ, "ಇನ್ನ ನಿನಗ ಕಲಸೂದು ಏನೂ ಉಳದಿಲ್ಲ" ಎಂದು ಹೇಳಿದ. ಇಪ್ಪತ್ನಾಲ್ಕಾದಾಗ ತಾಮ್ ಅಜ್ಜನೂ ಅದೇ ಮಾತು ಹೇಳಿದ. ಊರಿಗೆಲ್ಲ ಹೆಮ್ಮೆ. ಇನ್ನು ಉಳಿದದ್ದು ಪ್ರಾಂತದ ರಾಜಧಾನಿಯಲ್ಲಿ ನಡೆಯುವ ಪರೀಕ್ಷೆ. ಅಕ್ಷರದ್ದೊಂದು, ಆಯುಧದ್ದೊಂದು. ಎರಡಕ್ಕೂ ಕೂರಬೇಕಾದರೆ ತಾಲೂಕಿನ ಅಧಿಕಾರಿಯ ಶಿಫಾರಸು ಬೇಕು. ನಮ್ಮ ಕಡೆಯ ಹಳೆಯ ಕಾಲದ ಮಾಮಲೇದಾರ ಅನ್ನಿ. ಫುಂಗ್ ಪತ್ರ ಬರೆಸಿ ಮಾಮಲೇದಾರನ ಮುದ್ರೆಗೆ ಕಳಿಸಿದ್ದ. ಮುದ್ರೆ ಇನ್ನೂ ಬಿದ್ದಿರಲಿಲ್ಲ.

ಭತ್ತ ಕೊಯ್ಲಿಗೆ ಬಂದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಮಾಮಲೇದಾರನ ಕಾರಭಾರಿ ಊರಿಗೆ ಬಂದ. ಜೊತೆಗೆ ಭಲ್ಲೆ ಹಿಡಿದ ಹನ್ನೆರಡು ಜನ. ಊರ ಗೌಡನನ್ನು ದಾರಿಯಲ್ಲೇ ಕೂಡಿಸಿಕೊಂಡಿದ್ದರು. ಡಂಗುರ ಹೊಡೆಸಿದರು. ಜನ ಕೈಯಲ್ಲಿ ಕುಡಗೋಲು ಹಿಡಿದೇ ಗದ್ದೆಯಿಂದ ಬಂದರು.

"ಅರಮನಿ ಹುಕುಂ" ಎಂದ ಕಾರಭಾರಿ. "ರಾಜರ ಕೋಟೆ ಗ್ವಾಡಿ ಬಿದ್ದೈತಿ. ಕಟ್ಟಾಕ ಈ ಊರಿಂದ ಹತ್ತು ಮಂದಿ ಗಂಡಾಳು. ನಾಳೆ ಮುಂಜಾನೆ ಹೊಂಡಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲೂ ಹೀಗೆ ಬಿಟ್ಟಿ ಕೆಲಸಕ್ಕೆ ಕರೆ ಬಂದದ್ದಿತ್ತು. ಯಾವಾಗಲೂ ಊರಿಗೆ ಒಬ್ಬ, ಬಹಳಾದರೆ ಇಬ್ಬರು. ಹತ್ತು? ಕೊಯ್ಲಿನ ಹೊತ್ತಿನಲ್ಲಿ ಹತ್ತು?

ಮೂಯಿ ಎಂಬ ಹೆಣ್ಣುಮಗಳು ಎದೆಯ ಮೇಲೆ ಕೂಸು ಕಟ್ಟಿಕೊಂಡು ನಿಂತಿದ್ದಳು. ಅವಳ ಗಂಡ ದಾತ್ ಊರಿನಲ್ಲೇ ಗಟ್ಟಿಯಾಳು. ಹತ್ತು ಎಂದರೆ ಅವನು ಹೋಗಲೇಬೇಕು. ಒಬ್ಬ ಎಂದರೆ ಚೀಟಿ ಎತ್ತಬೇಕು. ಅವಳು ಗೌಡನಿಗೆ ನೇರ ಕೇಳಿದಳು, "ಗೌಡ್ರ, ನೀವು ಕಾಗದ ನೋಡೀರೇನು?"

ಗೌಡ ನೆಲ ನೋಡಿದ. "ನೋಡೀನವ್ವಾ. ಹತ್ತು ಅಂತನ ಐತಿ."

ಗೌಡನ ಮಾತನ್ನು ಯಾರೂ ನಂಬಲಿಲ್ಲ. ಆಗ ತಾಮ್ ಅಜ್ಜ ಮುಂದೆ ಬಂದ. "ಹುಕುಂ ಅಂದ್ರ ಎಲ್ಲಾರಿಗೂ ಓದಿ ಹೇಳೂದು ಪದ್ಧತಿ. ನಮ್ಮ ಊರಾಗ ಓದಾವ ಅದಾನ. ತ್ರಾಕ್, ಬಾರಪಾ ಇಲ್ಲಿ. ಓದು."

ಕಾರಭಾರಿ ಕಾಗದ ಕೊಟ್ಟ. ಏಕೆ ಕೊಟ್ಟ? ಕೊಡುವುದಿಲ್ಲ ಎಂದರೆ ಅನುಮಾನ ಗಟ್ಟಿಯಾಗುತ್ತದೆ. ಜೊತೆಗೆ ಓದುವವನು ಯಾರು, ಯಾರ ಮಗ, ಅವನಿಗೆ ಏನು ಬೇಕಾಗಿದೆ ಎಲ್ಲ ಅವನಿಗೆ ಗೊತ್ತಿತ್ತು.

ಈಗ ನೋಡಿ, ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಕಾಲದ ಅವರ ಲಿಪಿಯಲ್ಲಿ 'ಒಂದು' ಎಂದರೆ ಒಂದು ಅಡ್ಡಗೆರೆ, ಅಷ್ಟೇ. ಅದೇ ಅಡ್ಡಗೆರೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದರೆ ಅದು 'ಹತ್ತು'. ಅಡ್ಡಗೆರೆ ಅರಮನೆಯ ಮಸಿಯದು, ಕಪ್ಪಗೆ ಹೊಳೆಯುತ್ತಿತ್ತು. ಉದ್ದಗೆರೆಯ ಮಸಿ ಬೂದುಬಣ್ಣದ್ದು, ಅಂಚಿನಲ್ಲಿ ಕಾಗದಕ್ಕೆ ಹಬ್ಬಿತ್ತು. ಎಳೆದ ಕೈಯೂ ಬೇರೆ. ಹದಿನೇಳು ವರ್ಷ ಮಸಿ ಅರೆದವನಿಗೆ ಇದು ತಿಳಿಯಲು ಎಷ್ಟು ಹೊತ್ತು ಬೇಕು? ತ್ರಾಕ್‌ಗೆ ನೋಡಿದ ಕೂಡಲೇ ತಿಳಿಯಿತು. ಅರಮನೆ ಕೇಳಿದ್ದು ಒಬ್ಬನನ್ನು. ಉಳಿದ ಒಂಬತ್ತು ಜನರನ್ನು ಕೇಳುತ್ತಿದ್ದದ್ದು ಮಾಮಲೇದಾರನ ಕಲ್ಲುಗಣಿ. ಜ್ವರದ ಗುಡ್ಡಗಳಲ್ಲಿ ಅವನಿಗೊಂದು ಗಣಿ ಇರುವುದು ತಾಲೂಕಿಗೇ ಗೊತ್ತಿದ್ದ ವಿಷಯ. ಒಂದು ಗೆರೆ ಎಳೆದರು. ಒಂಬತ್ತು ಮನೆ ಬಿದ್ದವು.

ಕಾರಭಾರಿ ಹತ್ತಿರ ಬಂದು ನಗುತ್ತ ಹೇಳಿದ, "ಏನಪಾ, ಪರೀಕ್ಷಾಕ್ಕ ಹೊಂಟೀಯಂತ? ಸಾಹೇಬ್ರು ನಿನ್ನ ಪತ್ರಕ್ಕ ಇನ್ನಾ ಮುದ್ರಿ ಒತ್ತಿಲ್ಲ. ನಾ ಹೋದ ಮ್ಯಾಲೆ ಒತ್ತತಾರ."

ಹಿಂದೆ ನಿಂತಿದ್ದ ಫುಂಗ್ ಕೆಮ್ಮಿದ. ಅಪ್ಪನ ಆ ಕೆಮ್ಮು ಮಗನಿಗೆ ಅರ್ಥವಾಯಿತು.

ತ್ರಾಕ್‌ನ ಒಳಗೆ ಏನು ನಡೆದಿರಬಹುದು? ನಾನು ಬಹಳ ಸಲ ಯೋಚಿಸಿದ್ದೇನೆ. ಅವನ ಅಕ್ಷರ ಹೇಳಿತು: ಭಲ್ಲೆ ಹಿಡಿದು ಬಂದವರ ಮುಂದೆ ಮಾತು ನಡೆಯುವುದಿಲ್ಲ, ಇದು ಕೋಲಿನ ಕೆಲಸ. ಅವನ ಕೋಲು ಹೇಳಿತು: ಹನ್ನೆರಡು ಜನರ ಎದುರು ಒಬ್ಬನೇ ನುಗ್ಗುವುದು ಮೂರ್ಖತನ, ಇದು ಮುಂದೆ ಅರ್ಜಿ ಬರೆದು ಬಗೆಹರಿಸುವ ಸಂಗತಿ, ಅಕ್ಷರದ ಕೆಲಸ. ಅದು ಇದರ ಮೇಲೆ ಹಾಕಿತು, ಇದು ಅದರ ಮೇಲೆ ಹಾಕಿತು. ಸರಕಾರಿ ಕಚೇರಿಯಲ್ಲಿ ಒಂದು ಮೇಜಿನವನು ಇನ್ನೊಂದು ಮೇಜಿಗೆ ಕೈ ತೋರಿಸುತ್ತಾನಲ್ಲ, ಹಾಗೆ. ಎರಡೂ ವಿದ್ಯೆ ಪೂರ್ಣವಾಗಿ ಕಲಿತವನಿಗೆ ಹಿಂದೆ ಸರಿಯಲು ಎರಡು ಬಾಗಿಲು ಸಿಕ್ಕವು. ಇದರ ಮೇಲೆ ಇನ್ನೊಂದು ಸಮಾಧಾನ: ಈಗ ಸುಮ್ಮನಿರುತ್ತೇನೆ, ಪರೀಕ್ಷೆ ಗೆದ್ದು ಅಧಿಕಾರ ಹಿಡಿದು ಬಂದು ಇವರನ್ನೆಲ್ಲ ಬಿಡಿಸುತ್ತೇನೆ.

"ಓದಪಾ" ಎಂದ ತಾಮ್ ಅಜ್ಜ. "ಎಷ್ಟ ಬರದೈತಿ?"

ತ್ರಾಕ್ ತಲೆಯೆತ್ತಲಿಲ್ಲ. "ಹತ್ತು" ಎಂದ.

ನೋಡಿ, ಅವನು ಯಾರನ್ನೂ ಹೊಡೆಯಲಿಲ್ಲ. ಯಾರನ್ನೂ ದೋಚಲಿಲ್ಲ. ಒಂದು ಅಂಕಿ ಓದಿದ. ಒಂದೇ ಒಂದು ಅಂಕಿ.

ಅವನು ಓದಿದ ಮೇಲೆ ಯಾರೂ ಎರಡನೆಯ ಮಾತಾಡಲಿಲ್ಲ. ಗೌಡನನ್ನು ನಂಬದವರು ಇವನನ್ನು ನಂಬಿದರು. ಪರೀಕ್ಷೆಗೆ ಹೊರಟವನನ್ನು ಬಿಟ್ಟು ಒಂಬತ್ತು ಗಂಡಾಳುಗಳನ್ನು ಆರಿಸಿದರು, ದಾತ್ ಅವರಲ್ಲೊಬ್ಬ. ಹತ್ತನೆಯವನೆಂದು ಕಾರಭಾರಿ ಬೆರಳು ತೋರಿಸಿದ ಹುಡುಗನ ತಾಯಿ ಕುರುಡಿ. ತಾಮ್ ಅಜ್ಜ ಕಾರಭಾರಿಯ ಮುಂದೆ ಹೋಗಿ ನಿಂತ. "ಅವನ್ನ ಬಿಡ್ರಿ. ನಾ ಬರ್ತೀನಿ. ಅರವತ್ತಮೂರು ಆಗೈತಿ, ಆದ್ರೂ ಕಲ್ಲು ಎತ್ತತೀನಿ."

ಹೊರಡುವಾಗ ಶಿಷ್ಯನ ಭುಜ ತಟ್ಟಿದ. "ನೀ ಪರೀಕ್ಷಾ ಛಲೋ ಮಾಡು. ನಾ ಬರೂದ್ರಾಗ ದೊಡ್ಡಾಂವ ಆಗಿರಬೇಕು ನೋಡು."

ತ್ರಾಕ್‌ಗೆ ಆಗಲೂ ಹೇಳಲು ಹೊತ್ತಿತ್ತು. ಹೊಳೆ ದಾಟಿಸಲು ಒಂದೇ ದೋಣಿ. ಹತ್ತು ಜನ, ಹನ್ನೆರಡು ಭಲ್ಲೆಯವರು ದಾಟಬೇಕಾದರೆ ಮೂರು ಸಲ ಹೋಗಿ ಬರಬೇಕು. ಅಷ್ಟು ಹೊತ್ತು ಅವನು ದಂಡೆಯ ಮೇಲೆ ನಿಂತೇ ಇದ್ದ. ದೋಣಿ ಹೋಯಿತು, ಬಂತು. ಹೋಯಿತು, ಬಂತು. ಹೋಯಿತು.

ಶಿಫಾರಸು ಪತ್ರಕ್ಕೆ ಮುದ್ರೆ ಬಿತ್ತು. ತ್ರಾಕ್ ರಾಜಧಾನಿಗೆ ಹೋದ. ಅಕ್ಷರದ ಪರೀಕ್ಷೆಯಲ್ಲಿ ಅನ್ಯಾಯವನ್ನು ಕಂಡ ಸಜ್ಜನನ ಕರ್ತವ್ಯದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಅವನು ಬರೆದದ್ದನ್ನು ಓದಿ ಪರೀಕ್ಷಕರು ಕಣ್ಣೊರೆಸಿಕೊಂಡರು. ಮೊದಲ ಸ್ಥಾನ. ಆಯುಧದ ಪರೀಕ್ಷೆಯಲ್ಲಿ ಮೂರು ಜನ ಸೈನಿಕರನ್ನು ಒಟ್ಟಿಗೆ ಎದುರಿಸಿ ಕೆಡವಿದ. ಅಲ್ಲಿಯೂ ಸೈ ಅನ್ನಿಸಿಕೊಂಡ. ಎರಡರಲ್ಲೂ ಪೂರ್ಣ ಎಂದು ಬಿರುದು ಕೊಟ್ಟರು. ಇದು ಸುಳ್ಳು ಬಿರುದಲ್ಲ. ಎರಡೂ ಅವನಿಗೆ ನಿಜವಾಗಿ ಬರುತ್ತಿದ್ದವು. ಅದನ್ನು ನೆನಪಿಡಿ.

ಹತ್ತು ತಿಂಗಳ ಮೇಲೆ ಊರಿಗೆ ಬಂದ. ಛತ್ರಿ, ಬಾವುಟ, ವಾದ್ಯ. ಫುಂಗ್ ಬಾಗಿಲಲ್ಲಿ ನಿಂತು ಅತ್ತ. ಊರಿನವರೂ ಬಂದರು. ಅವರಲ್ಲಿ ಕೆಲವು ಹೆಂಗಸರು ಹೂವು ತಂದಿರಲಿಲ್ಲ, ಕೈ ಮುಗಿದುಕೊಂಡು ಬಂದಿದ್ದರು. ಮೂಯಿ ಮುಂದೆ ಇದ್ದಳು.

"ಈಗ ನೀ ದೊಡ್ಡಾಂವ ಆಗಿ" ಎಂದಳು. "ನಾಕ ತಿಂಗಳಿಗೆ ಕಳಸ್ತೀವಿ ಅಂದಿದ್ರು. ಹತ್ತ ತಿಂಗಳಾತು. ನಮ್ಮವ್ರು ಕೋಟೆ ಕೆಲಸದಾಗ ಇಲ್ಲಂತ. ಎಲ್ಲಿ ಅದಾರ ಅಂತರ ಕೇಳಿ ಹೇಳು."

"ವಿಚಾರಿಸ್ತೀನಿ" ಎಂದ ತ್ರಾಕ್.

ವಿಚಾರಿಸಿದನೆ? ಅರ್ಜಿ ಬರೆದ. ಮೂರು ಸಲ ಬರೆದು, ಮೂರು ಸಲ ತಿದ್ದಿದ. ಮಾಮಲೇದಾರನ ಮನಸ್ಸಿಗೆ ನೋವಾಗದ ಹಾಗೆ, ಆದರೆ ವಿಷಯ ತಿಳಿಯುವ ಹಾಗೆ. ಬಹಳ ಸುಂದರವಾದ ಅರ್ಜಿ. ಒಂದು ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಕಾಗದದಲ್ಲಿ ಏನಿತ್ತು ಎಂಬುದನ್ನು ಬರೆಯಲಿಲ್ಲ. ಉತ್ತರಕ್ಕಾಗಿ ಕಾದ. ಒಂದು ತಿಂಗಳು ಹೋಯಿತು. ಎರಡು ಹೋಯಿತು.

ಮೂರನೆಯ ತಿಂಗಳು ಇಬ್ಬರು ಬಂದರು. ಹೋದ ಹತ್ತರಲ್ಲಿ ಇಬ್ಬರು. ಒಬ್ಬನು ಕೋಟೆಗೆ ಹೋದವನು, ಅರಮನೆ ನಿಜವಾಗಿ ಕೇಳಿದ್ದ ಆ ಒಬ್ಬ. ಇನ್ನೊಬ್ಬ ದಾತ್. ದಾತ್‌ನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಮೂಯಿ ಮೊದಲು ಗುರುತು ಹಿಡಿಯಲಿಲ್ಲ.

ತ್ರಾಕ್ ನೋಡಲು ಹೋದ. ಮೂಯಿ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. ಕೂಸು ನಡೆಯಲು ಕಲಿತಿತ್ತು. ಅಪ್ಪನ ಹತ್ತಿರ ಹೋಗಲು ಅಂಜಿ ಬಾಗಿಲಲ್ಲೇ ನಿಂತಿತ್ತು.

"ತಾಮ್ ಅಜ್ಜ?" ಎಂದು ಕೇಳಿದ ತ್ರಾಕ್.

ದಾತ್‌ನ ಧ್ವನಿ ಕೆಳಗಿತ್ತು. "ಮಳಿಗಾಲದಾಗ ಹ್ವಾದ. ಜ್ವರ. ಎಂಟು ಮಂದಿನ್ನೂ ಅಲ್ಲೇ ಹುಗದೀವಿ. ಅಜ್ಜನ್ನ ನಾನ ಹುಗದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಒಂದ ಸಲ ತಪ್ಪಿಸ್ಕೊಂಡು ಬರಬಹುದಿತ್ತು. ಹೊಸ ವರ್ಷದ ಹಬ್ಬದ ದಿನ. ಕಾವಲಿನವ್ರು ಎಲ್ಲಾ ಮಧ್ಯಾಹ್ನದಾಗ ಕುಡ್ಯಾಕ ಹೋಗಿದ್ರು. ಬಾಜೂ ಊರಿನ ಮಂದಿ ಎದ್ದು ನಡದ್ರು. ನಮ್ಮನ್ನೂ ಕರದ್ರು. 'ಅರಮನಿ ಕೇಳಿದ್ದು ಊರಿಗೊಬ್ಬನ್ನ, ನಿಮಗ ಮೋಸ ಆಗೈತಿ, ಬರ್ರಿ' ಅಂದ್ರು. ನಾವೂ ಎದ್ವಿ. ಅಜ್ಜ ಬ್ಯಾಡ ಅಂದ. 'ಅವರ ಊರಾಗ ಓದಾವ್ರು ಇಲ್ಲ, ಅವ್ರಿಗೆ ಮೋಸ ಆಗಿರಬಹುದು. ನಮ್ಮ ಕಾಗದ ತ್ರಾಕ್ ಓದ್ಯಾನ. ಅಂವ ಹತ್ತು ಅಂತ ಓದಿದ್ರ ಹತ್ತ. ರಾಜನ ಹುಕುಂ ಮುರದು ಹ್ವಾದ್ರ ಊರು ಸುಡ್ತಾರ' ಅಂದ. ನಾವು ಕೂತ್ವಿ."

ಮೂಯಿಯ ಕೈ ನಿಂತಿತು. ತ್ರಾಕ್‌ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಅಕ್ಷರ ಬಾರದು. ಮುಖ ಓದಲು ಬರುತ್ತಿತ್ತು.

"ಖರೇ ಹೇಳು" ಎಂದಳು. "ಕಾಗದದಾಗ ಎಷ್ಟಿತ್ತು?"

ತ್ರಾಕ್ ಬಾಯಿ ತೆರೆದ.

"ಒಂದು."

ದಾತ್ ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. "ಅಜ್ಜ ಸತ್ತಿದ್ದು ಛಲೋ ಆತು" ಎಂದ.

ಮೂಯಿ ಮತ್ತೆ ಗಂಜಿಯ ಬಟ್ಟಲು ಹಿಡಿದಳು. "ನೀ ಹೊರಗ ಹೋಗು. ಇವಂಗ ಗಂಜಿ ಕುಡಸಬೇಕು."

ದಾತ್ ಆರು ದಿನ ಇದ್ದ. ಏಳನೆಯ ದಿನ ತೀರಿಕೊಂಡ.

ಈಗ ತ್ರಾಕ್‌ನ ಎದೆಯಲ್ಲಿ ಏನೋ ಒಡೆಯಿತು. ಒಡೆದದ್ದು ನಿಜ. ಅವನು ಕೆಟ್ಟವನಾಗಿರಲಿಲ್ಲ, ತಾಯಂದಿರೇ. ಕೆಟ್ಟವನಾಗಿದ್ದರೆ ಈ ಕಥೆ ನಿಮಗೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಅಪ್ಪ ಕಾಲು ಹಿಡಿದರೂ ಕೇಳದೆ ಪ್ರಾಂತದ ನ್ಯಾಯಸ್ಥಾನಕ್ಕೆ ಹೋದ. ಮಾಮಲೇದಾರನ ಮೇಲೆ ದೂರು ಕೊಟ್ಟ. "ಕಾಗದ ತಿದ್ದಿದ್ರು. ನಾ ನೋಡಿದೆ. ಒಂದು ಇದ್ದದ್ದನ್ನ ಹತ್ತು ಮಾಡಿದ್ರು" ಎಂದು ಎಲ್ಲರ ಮುಂದೆ ಹೇಳಿದ. ಮೊದಲನೆಯ ಸಲ ಅವನ ಅಕ್ಷರವೂ ಧೈರ್ಯವೂ ಒಟ್ಟಿಗೆ ಎದ್ದು ನಿಂತವು. ಒಂದು ವರ್ಷ ಎರಡು ತಿಂಗಳು ತಡವಾಗಿ.

ನ್ಯಾಯಾಧೀಶ ಕಾಗದ ತರಿಸಲು ಹೇಳಿದ. ಮಾಮಲೇದಾರ ಕೈ ಮುಗಿದು, ಹಳೆಯ ಕಾಗದಗಳನ್ನೆಲ್ಲ ಗೆದ್ದಲು ತಿಂದವು ಎಂದ. ಗಣಿಯಲ್ಲಿ ಸತ್ತವರು ತಾವಾಗಿಯೇ ಕೂಲಿಗೆ ಬಂದವರು ಎಂದ. ಗೌಡ ಹೌದು ಎಂದ. ಕೊನೆಗೆ ಊರಿನಿಂದ ಸಾಕ್ಷಿಗೆ ಮೂಯಿಯನ್ನು ಕರೆಸಿದರು. ಎರಡು ದಿನ ನಡೆದು ಬಂದಿದ್ದಳು.

"ಆ ದಿನ ನೀ ಅಲ್ಲಿದ್ದೆ?" ಎಂದ ನ್ಯಾಯಾಧೀಶ.

"ಇದ್ದೆ."

"ಇಂವ ಕಾಗದದಾಗ ಏನೈತಿ ಅಂತ ಓದಿದ?"

ತ್ರಾಕ್ ಅವಳ ಕಡೆ ನೋಡಿದ. ಕೇಳಿಸಲಿಲ್ಲ ಅನ್ನು, ನೆನಪಿಲ್ಲ ಅನ್ನು ಎಂದು ಅವನ ಕಣ್ಣು ಬೇಡುತ್ತಿತ್ತು. ಹಾಗೆ ಅಂದರೆ ಮಾಮಲೇದಾರ ಸಿಕ್ಕಿಬೀಳಬಹುದಿತ್ತು. ಗಂಡನನ್ನು ಕೊಂದವನಿಗೆ ಶಿಕ್ಷೆ ಆಗಬಹುದಿತ್ತು. ಅವಳಿಗೂ ಅದು ತಿಳಿದಿತ್ತು.

"ಹತ್ತು ಅಂತ ಓದಿದ" ಎಂದಳು ಮೂಯಿ. "ನನ್ನ ಗಂಡ ನನ್ನ ಬಾಜೂಕ ನಿಂತಿದ್ದ. ಕೂಸು ಎದಿಮ್ಯಾಲಿತ್ತು. ಹತ್ತು ಅಂತನ ಓದಿದ. ಸುಳ್ಳು ಯಾಕ ಹೇಳ್ಲಿ? ಸುಳ್ಳಿಂದನ ಒಂಬತ್ತು ಮಂದಿ ಮಣ್ಣಾಗ್ಯಾರ."

ನ್ಯಾಯಾಧೀಶ ತ್ರಾಕ್‌ಗೆ ಹೇಳಿದ, "ಕಾಗದ ಕೈಯಾಗ ಇದ್ದಾಗ ಹತ್ತು ಅಂದಿ. ಕಾಗದ ಇಲ್ಲದಾಗ ಒಂದು ಅಂತಿ. ಯಾವುದು ನಂಬಲಿ? ಕಾಗದ ನೋಡಿ ಓದಿದ್ದನ್ನ ನಂಬಬೇಕು." ದೂರು ವಜಾ ಆಯಿತು. ಮೇಲಧಿಕಾರಿಯ ಮೇಲೆ ಸುಳ್ಳು ಆರೋಪ ಹೊರಿಸಿದ್ದಕ್ಕೆ ತ್ರಾಕ್‌ನ ಬಿರುದು ಹೋಯಿತು. ಮಾಮಲೇದಾರ ಅಲ್ಲೇ ಉಳಿದ.

ನೋಡಿ, ಅವನ ಸತ್ಯವನ್ನು ಸೋಲಿಸಿದ್ದು ಮಾಮಲೇದಾರನ ಹಣವಲ್ಲ, ಭಲ್ಲೆಯಲ್ಲ. ಅವನದೇ ಸುಳ್ಳು. ಹೇಳುವ ಹೊತ್ತಿನಲ್ಲಿ ಹೇಳದೆ ಹೋದ ಸತ್ಯವನ್ನು ಮುಂದೆ ಎಷ್ಟು ಗಟ್ಟಿಯಾಗಿ ಕೂಗಿದರೂ ನಮ್ಮ ಹಳೆಯ ಮಾತೇ ಅದರ ಬಾಯಿ ಮುಚ್ಚಿಸುತ್ತದೆ.

ಮರುವರ್ಷ ಕೊಯ್ಲಿನ ಹೊತ್ತಿಗೆ ಕಾರಭಾರಿ ಮತ್ತೆ ಬಂದ. "ಹತ್ತು ಮಂದಿ" ಎಂದ. ಈ ಸಲ ಯಾರೂ ಕಾಗದ ತೋರಿಸಿ ಎನ್ನಲಿಲ್ಲ. ಓದಿಸಿ ಮಾಡುವುದೇನು? ಓದುವವರ ಮೇಲಿನ ನಂಬಿಕೆಯೇ ಆ ಊರಿನಲ್ಲಿ ಸತ್ತಿತ್ತು. ಒಬ್ಬೊಬ್ಬರೇ ಎದ್ದು ಮುಂದೆ ಬಂದು ನಿಂತರು. ಹತ್ತನೆಯವನು ಏಳುವ ಮೊದಲು ತ್ರಾಕ್ ಎದ್ದ. ಸಾಲಿನ ಕೊನೆಗೆ ಹೋಗಿ ನಿಂತ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವನು ತಿರುಗಿ ಬರಲಿಲ್ಲ. ಅವನು ಹೋದದ್ದರಿಂದ ಒಂದು ಮನೆ ಉಳಿಯಿತು. ಒಂಬತ್ತು ಮನೆ ಉಳಿಸಬಹುದಾಗಿದ್ದವನು ಒಂದು ಮನೆ ಉಳಿಸಿ ಹೋದ.

ಇಲ್ಲಿಗೆ ಅವನ ಕಥೆ ಮುಗಿಯಿತು. ನಮ್ಮದು ಮುಗಿದಿಲ್ಲ.

ನೀವು ಕೇಳಬಹುದು, ಅಜ್ಜಾರೇ, ಅವನಿಗೆ ಏನು ಕಡಿಮೆಯಾಗಿತ್ತು? ಓದು ಕಡಿಮೆಯಿತ್ತೆ? ಇಲ್ಲ. ತೋಳಿನಲ್ಲಿ ಕಸುವು ಕಡಿಮೆಯಿತ್ತೆ? ಇಲ್ಲ. ಒಳ್ಳೆಯ ಗುರು ಸಿಗಲಿಲ್ಲವೆ? ತಾಮ್ ಅಜ್ಜನಂಥ ಗುರು ನನಗೂ ಸಿಕ್ಕಿಲ್ಲ. ಎಲ್ಲ ಇತ್ತು. ಎರಡನ್ನೂ ಅವನು ಕಲಿತದ್ದು ತಾನು ಎತ್ತರಕ್ಕೆ ಏರಲು. ಪಕ್ಕದಲ್ಲಿ ನಿಂತವನಿಗಾಗಿ ಒಂದು ದಿನವಾದರೂ ಕಲಿತಿರಲಿಲ್ಲ. ಹಾಗೆ ಕಲಿತ ವಿದ್ಯೆ ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. ನೆಪ ಹುಡುಕಿಕೊಡಲು ಮಾತ್ರ ಬರುತ್ತದೆ. ಅಕ್ಷರವನ್ನೂ ಕೋಲನ್ನೂ ಮುಟ್ಟದ ಮೂಯಿ ನಿಂತಳಲ್ಲ, ತನಗೇ ಕೇಡಾಗುವ ಸತ್ಯ ಹೇಳಿ. ನನ್ನನ್ನು ಕೇಳಿದರೆ ಆ ಇಡೀ ಕಥೆಯಲ್ಲಿ ಪೂರ್ಣ ಮನುಷ್ಯಳು ಅವಳೇ. ಆದರೆ ಒಬ್ಬಳೇ ಪೂರ್ಣಳಾಗಿದ್ದರೆ ಊರು ಉಳಿಯುವುದಿಲ್ಲ.

ವಿಯೆಟ್ನಾಂ ದೂರ ಇದೆ, ಅರಮನೆ ಹೋಗಿ ಎಷ್ಟೋ ಕಾಲವಾಯಿತು ಎಂದು ಉಸಿರು ಬಿಡಬೇಡಿ. ಮೊನ್ನೆ ಗುರುವಾರ ನಮ್ಮ ಮಠಕ್ಕೆ ಇದೇ ಊರಿನ ಫಕ್ಕೀರವ್ವ ಬಂದಿದ್ದಳು. ಅಗೋ, ಅಲ್ಲಿ ಕಂಬಕ್ಕೆ ಒರಗಿ ಕೂತಿದ್ದಾಳೆ. ನಾಚಿಕೊಳ್ಳಬೇಡವ್ವಾ. ನಾಚಿಕೊಳ್ಳಬೇಕಾದವರು ಬೇರೆ ಇದ್ದಾರೆ. ಸೆರಗಿನಲ್ಲಿ ಒಂದು ಕಾಗದ ಕಟ್ಟಿಕೊಂಡು ಆರು ಮೈಲಿ ನಡೆದು ಬಂದಿದ್ದಳು. "ಇದರಾಗ ಏನೈತ್ರೀ ಅಜ್ಜಾರ?" ಎಂದಳು. ನಾನು ಓದಿದೆ. ಅವಳ ಹಿತ್ತಲಿಗೆ ಹೋಗುವ ದಾರಿಯನ್ನು ತಾನು ಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಅವಳ ಬಾಯಲ್ಲೇ ಬರೆದಿದೆ. ಕೆಳಗೆ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದಾರೆ.

"ನಿಮ್ಮ ಓಣಿಯಲ್ಲಿ ಓದುವವರು ಯಾರೂ ಇಲ್ಲವೇನವ್ವಾ?" ಎಂದು ಕೇಳಿದೆ.

"ಹನ್ನೊಂದು ಮಂದಿ ಅದಾರ್ರೀ" ಎಂದಳು. "ಒಬ್ಬ ಓದಿ ನಕ್ಕ. ಒಬ್ಬ 'ನನ್ನ ಹೆಸರು ಹೇಳಬ್ಯಾಡ' ಅಂತ ಒಳಗ ಹ್ವಾದ. ಉಳದಾವ್ರು 'ಏನಾಗಂಗಿಲ್ಲ, ಒತ್ತಬೇ' ಅಂದ್ರು."

ಹನ್ನೊಂದು ತ್ರಾಕ್‌ಗಳು. ಒಂದೇ ಓಣಿಯಲ್ಲಿ.

ಅವರಲ್ಲಿ ಕೆಲವರು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಹೆಸರು ಹೇಳುವುದಿಲ್ಲ. ನಿಮಗೆ ಗೊತ್ತಿದೆ, ಅವಳಿಗೂ ಗೊತ್ತಿದೆ. ಅಷ್ಟು ಸಾಕು.

ಈಗ ಮಾಡಬೇಕಾದದ್ದು ಹೇಳುತ್ತೇನೆ. ದೊಡ್ಡ ಮಾತಲ್ಲ. ಓದು ಬರುವವರೇ, ನಾಳೆಯಿಂದ ನಿಮ್ಮ ಮನೆಯ ಬಾಗಿಲಿಗೆ ಯಾರಾದರೂ ಒಂದು ಕಾಗದ ತಂದು 'ಏನೈತ್ರೀ ಇದರಾಗ' ಎಂದು ಕೇಳಿದರೆ, ಆಸ್ಪತ್ರೆಯದಿರಲಿ, ಪಂಚಾಯಿತಿಯದಿರಲಿ, ತಮ್ಮನ ಮೇಲೆ ಅಣ್ಣ ಬರೆಸಿದ್ದಿರಲಿ, ಇದ್ದದ್ದನ್ನು ಇದ್ದ ಹಾಗೆ ಓದಿ. ಗಟ್ಟಿಯಾಗಿ ಓದಿ. ಬರೆಸಿದವನ ಎದುರಿಗೇ ಓದಿ. ಆಮೇಲೆ ಹೇಳೋಣ, ಸ್ಥಾನ ಸಿಕ್ಕ ಮೇಲೆ ಹೇಳೋಣ ಎಂದು ಇಟ್ಟುಕೊಳ್ಳಬೇಡಿ. ಆಮೇಲೆ ಎಂಬುದು ಎಂಟು ಜನರನ್ನು ಹುಗಿದ ಜಾಗ. ತೋಳು ಬಲಿತ ತರುಣರೇ, ನೀವು ಯಾರನ್ನೂ ಹೊಡೆಯಬೇಕಾಗಿಲ್ಲ. ಹೊಡೆದರೆ ನಾನು ಈ ಊರಿಗೆ ಕಾಲಿಡುವುದಿಲ್ಲ. ಓದಿ ಹೇಳಿದವನು ಒಬ್ಬಂಟಿಯಾದಾಗ ಅವನ ಪಕ್ಕಕ್ಕೆ ಹೋಗಿ ನಿಲ್ಲಿ. ಕೈ ಕಟ್ಟಿಕೊಂಡು ನಿಂತರೆ ಸಾಕು. ಅವನ ಧ್ವನಿ ನಡುಗದೆ ಉಳಿಯುತ್ತದೆ. ಇದು ನನ್ನ ಕೆಲಸವಲ್ಲ, ಕಲಿತವರ ಕೆಲಸ, ಗಟ್ಟಿಯಾಳುಗಳ ಕೆಲಸ ಎಂಬ ಮಾತು ಬಾಯಿಗೆ ಬಂತೆಂದರೆ, ಅದನ್ನು ಅಲ್ಲೇ ನುಂಗಿ.

ಸೋಮವಾರ ಹನ್ನೊಂದು ಗಂಟೆಗೆ ಫಕ್ಕೀರವ್ವನನ್ನು ಹೆಬ್ಬೆಟ್ಟಿಗೆ ಕರೆದಿದ್ದಾರೆ. ಅವಳು ಹೋಗುತ್ತಾಳೆ, ಒತ್ತುವುದಿಲ್ಲ. ನಾನು ಜೊತೆಗೆ ಹೋಗಬಹುದು. ಹೋದರೆ ನೀವು ಮತ್ತೆ ಹಾಯಾಗಿ ಕೂರುತ್ತೀರಿ, ಅಜ್ಜಾರು ನೋಡಿಕೊಂಡರು ಎಂದು. ಅದಕ್ಕೆ ನಾನು ಹೋಗುವುದಿಲ್ಲ. ಕಾಗದ ಇಗೋ ನನ್ನ ಕೈಯಲ್ಲಿದೆ. ವೇದಿಕೆಯ ಮೇಲೆ ಬಂದು ಇದನ್ನು ಎಲ್ಲರಿಗೂ ಕೇಳುವಂತೆ ಓದುವವರು ಒಬ್ಬರು ಬೇಕು. ಸೋಮವಾರ ಅವಳ ಜೊತೆ ನಡೆಯುವವರು ಬೇಕು. ಆಮೇಲೆ ಪ್ರಸಾದ.

ನಾನು ಕಾಯುತ್ತೇನೆ. ಏಳಿ.